ಭಾನುವಾರ ಬಂದ ತಂತಿ

ಹೋದ ತಿಂಗಳ ಒಂದು ಬೆಳಿಗ್ಗೆ ಮುನಿಯಮ್ಮನವರು ಬಂಗಾರಪೇಟೆಯ ನಮ್ಮ ಮನೆಗೆ ಬಂದರು. ಮಾರಿಕುಪ್ಪಂ ರೈಲಿಳಿದು ಸ್ಟೇಷನ್ನಿನಿಂದ ನಡೆದೇ ಬಂದಿದ್ದರು. ಗಂಡ ತೀರಿಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ. ಜಗಲಿಯ ಮೇಲೆ ಕುಳಿತು, ಕೊಟ್ಟ ನೀರು ಕುಡಿದು, ಬಟ್ಟೆಚೀಲದಿಂದ ರಟ್ಟಿನ ಹೊದಿಕೆಯ ದಪ್ಪ ಪುಸ್ತಕವೊಂದನ್ನು ತೆಗೆದು ನನ್ನ ಮಡಿಲಿಗಿಟ್ಟರು.

"ಗುಜರಿಯೋನು ಬಂದು ಆ ಮಿಸಿನ್ನು, ತಂತಿ ಎಲ್ಲಾ ಎತ್ಕಂಡು ಓದ. ಇದೊಂದ ಕೊಡಕ್ಕೆ ಮನಸ್ಸು ಬರ್ಲಿಲ್ಲ ಮೇಡಂ. ಇದ್ರಾಗೆ ಅವ್ರು ಏನು ಬರ್ಕಂಡವ್ರೋ ನಂಗೆ ತಿಳೀದು. ನೀವು ಓದಿ ಏಳಿ."

ಅದು ಅವರ ಗಂಡನ ಲಾಗ್ ಪುಸ್ತಕ. ಹವ್ಯಾಸಿ ರೇಡಿಯೊದವರು ಯಾರ ಜೊತೆ ಮಾತಾಡಿದೆವು, ಎಷ್ಟು ಹೊತ್ತಿಗೆ, ಎಷ್ಟು ಸ್ಪಷ್ಟವಾಗಿ ಕೇಳಿಸಿತು ಎಂದೆಲ್ಲ ಬರೆದಿಡಲೇಬೇಕಾದ ಪುಸ್ತಕ. ಅದನ್ನು ತೆರೆಯಲು ನನಗೆ ಹನ್ನೊಂದು ದಿನ ಹಿಡಿಯಿತು. ದೇವರ ಗೂಡಿನಲ್ಲಿಟ್ಟೆ, ಅಲ್ಲಿಂದ ಬೀರುವಿಗೆ ಸಾಗಿಸಿದೆ, ಮತ್ತೆ ಹೊರಗೆ ತಂದು ಹಾಸಿಗೆಯ ಪಕ್ಕ ಇಟ್ಟುಕೊಂಡೆ. ಹೆದರಿಕೆ, ಬೇರೇನಿಲ್ಲ. ಅದರಲ್ಲಿ ಒಂದು ಭಾನುವಾರದ ಪುಟ ಇದ್ದೇ ಇರುತ್ತದೆಂದು ನನಗೆ ಗೊತ್ತಿತ್ತು. ಆ ಭಾನುವಾರ ನಾನು ಅವರಿಗೊಂದು ಮೋಸ ಮಾಡಿದ್ದೆ. ಅದು ಅವರಿಗೆ ತಿಳಿದಿತ್ತೋ ಇಲ್ಲವೋ ಎಂಬುದು ಇಷ್ಟು ವರ್ಷವೂ ನನಗೆ ತಿಳಿದಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗಾಳಿಯಲ್ಲಿ ಹೆಸರಿಗೆ ಕೆಲಸವಿಲ್ಲ, ಸರ್ಕಾರ ಕೊಟ್ಟ ಕರೆ ಅಕ್ಷರ ಮತ್ತು ಮೋರ್ಸ್ ಕೀಲಿ ಒತ್ತುವ ಕೈ, ಇವೆರಡೇ ಗುರುತು ಎಂದು ಅವರೇ ಹೇಳುತ್ತಿದ್ದರು. ನಂದಿದುರ್ಗ ಗಣಿಯಲ್ಲಿ ಅವರು ವೈಂಡಿಂಗ್ ಇಂಜಿನ್ ಡ್ರೈವರ್. ಎಂದರೆ, ಆಳುಗಳನ್ನು ತುಂಬಿದ ಪಂಜರವನ್ನು ಉಕ್ಕಿನ ಹಗ್ಗದಲ್ಲಿ ಗಣಿಬಾವಿಗೆ ಇಳಿಸಿ ಮತ್ತೆ ಮೇಲಕ್ಕೆ ತರುವವರು. ಕೆಳಗಿರುವವರು ಅವರಿಗೆ ಕಾಣುವುದಿಲ್ಲ. ಕೆಳಗಿನಿಂದ ಹೊಡೆಯುವ ಗಂಟೆಯ ಏಟುಗಳನ್ನು ಎಣಿಸಿಯೇ ಇಳಿಸಬೇಕು, ನಿಲ್ಲಿಸಬೇಕು, ಎತ್ತಬೇಕು. ಬಂಗಾರಪೇಟೆ ಕಡೆಯ ಹಳ್ಳಿಯೊಂದರ ರಾಗಿ ಹೊಲದಿಂದ ಬಂದು ಸರ್ವಿಸು ಮುಗಿಯುವವರೆಗೂ ಆ ಗಂಟೆಯ ಮುಂದೆ ಕುಳಿತರು. ಕುಳ್ಳಗೆ, ಕಪ್ಪಗೆ, ಕಿವಿ ಮಾತ್ರ ದೊಡ್ಡವು. ಹೆಂಡತಿಯೊಡನೆ ಕನ್ನಡ, ಅತ್ತೆಯೊಡನೆ ತೆಲುಗು, ಲೈನಿನ, ಎಂದರೆ ಗಣಿಯಾಳುಗಳ ಸಾಲುಮನೆಗಳ, ನೆರೆಹೊರೆಯೊಡನೆ ತಮಿಳು. ಇಂಗ್ಲಿಷನ್ನು ಬಾಯಲ್ಲಿ ಆಡಲು ನಾಚಿಕೊಳ್ಳುತ್ತಿದ್ದರು, ಬೆರಳಿನಲ್ಲಿ ಧಾರಾಳವಾಗಿ ಆಡುತ್ತಿದ್ದರು.

ನಾನು ಕ್ಯಾಸಂಬಳ್ಳಿಯ ಹುಡುಗಿ, ಬಂಗಾರಪೇಟೆಯ ಸೊಸೆ. ಕೆ.ಜಿ.ಎಫ್.ನ ತಂತಿ ಕಚೇರಿಯಲ್ಲಿ ಮೋರ್ಸ್ ಯಂತ್ರದ ಮುಂದೆ ಕೂರುವ ನೌಕರಿ. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಖಾಕಿ ಪ್ಯಾಂಟಿನ ಒಬ್ಬ ಮನುಷ್ಯ ತಂತಿಯನ್ನೂ ಕೊಡುವುದಿಲ್ಲ, ಸ್ಟಾಂಪನ್ನೂ ಕೊಳ್ಳುವುದಿಲ್ಲ, ಕಿಟಕಿಯ ಪಕ್ಕ ಸುಮ್ಮನೆ ನಿಂತಿರುತ್ತಾನೆ. ಮೂರನೆಯ ದಿನ ನನಗೆ ರೇಗಿತು. ನನ್ನ ನಾಲಿಗೆ ಆಗಲೂ ಉದ್ದವೇ. ಇದೇನು ಬಸ್ ಸ್ಟ್ಯಾಂಡೇನ್ರೀ ಎಂದು ಕೇಳಿಯೇಬಿಟ್ಟೆ. ಅವರು ಕೈಮುಗಿದರು.

"ಇವತ್ತು ಕೋಲಾರದೋರ ಮೇಲೆ ಕೋಪ ಮಾಡ್ಕಂಡಿದ್ದೀರ ಮೇಡಂ. ಕೊನೇ ಗೆರೆ ಒಸಿ ಜಾಸ್ತಿ ಒತ್ತುತಿದ್ದೀರ" ಅಂದರು.

ನಿಜವಾಗಿಯೂ ಕೋಪ ಬಂದಿತ್ತು. ಕೋಲಾರದಲ್ಲಿದ್ದ ಮನುಷ್ಯ ಬೆಳಗಿನಿಂದ ಒಂದೇ ತಂತಿಯನ್ನು ಮೂರು ಸಲ ಕೇಳಿದ್ದ. ಆದರೆ ಈಗ ಕೋಪ ಮರೆತು ಹೆದರಿದೆ. ಊರಿನವರ ಹೆರಿಗೆ, ಸಾವು, ಸಾಲ, ಮದುವೆ ಎಲ್ಲ ಆ ಕಟಕಟದಲ್ಲೇ ಹೋಗುತ್ತವೆ, ಈತ ಹೊರಗೆ ನಿಂತು ಎಲ್ಲವನ್ನೂ ಓದುತ್ತಿದ್ದಾನೆ! ಅದನ್ನೂ ಅವರೇ ಊಹಿಸಿದರು. ಕೈ ಕೇಳಲಿಕ್ಕೆ ಬರುತ್ತೇನೆ, ಮಾತು ಕೇಳಲಿಕ್ಕಲ್ಲ ಎಂದು ದೇವರ ಮೇಲೆ ಆಣೆ ಇಟ್ಟರು. ಹವ್ಯಾಸಿ ರೇಡಿಯೊದ ಲೈಸೆನ್ಸ್ ತೋರಿಸಿದರು. ನಾನು ನಂಬಿದೆ. ಕೊನೆಯವರೆಗೂ ಅವರ ಬಾಯಿಂದ ಯಾರ ತಂತಿಯ ಮಾತೂ ಹೊರಗೆ ಬರಲಿಲ್ಲ.

ಕೈ ಎಂದರೆ ಏನೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಮೋರ್ಸಿನಲ್ಲಿ ಇರುವುದು ಚುಕ್ಕಿ, ಗೆರೆ ಎರಡೇ. ಆದರೂ ಒಬ್ಬರು ಒತ್ತಿದಂತೆ ಇನ್ನೊಬ್ಬರು ಒತ್ತುವುದಿಲ್ಲ. ನಡಿಗೆಯ ಸಪ್ಪಳ ಕೇಳಿ ಮನೆಯವರನ್ನು ಗುರುತಿಸುವುದಿಲ್ಲವೇ, ಹಾಗೆ. ನನಗೆ ದಿನಾ ಕೂಡಿ ಕೆಲಸ ಮಾಡುವ ನಾಲ್ಕಾರು ಜನರ ಕೈ ತಿಳಿಯುತ್ತಿತ್ತು, ಅಷ್ಟೆ. ಅವರ ಕಿವಿಯ ಮಾತೇ ಬೇರೆ. ಗಣಿಯವರು ಹೇಳುವುದನ್ನು ಕೇಳಿದ್ದೇನೆ. ಒಂದು ಸಲ ಕೆಳಗಿನಿಂದ ಸರಿಯಾಗಿಯೇ ಗಂಟೆ ಬಂತಂತೆ, ಎತ್ತು ಎಂದು. ಇವರು ಹಿಡಿಕೆ ಮುಟ್ಟಲಿಲ್ಲ. ಮೇಲಿನವರು ಬೈದರು, ಇವರು ಜಗ್ಗಲಿಲ್ಲ. ಗಂಟೆ ಹೊಡೆಯುತ್ತಿರುವವನು ಹೊಡೆಯಬೇಕಾದವನಲ್ಲ ಎಂದು ಹಟ ಹಿಡಿದರು. ಫೋನು ಮಾಡಿ ವಿಚಾರಿಸಿದರೆ, ಗಂಟೆಯವನು ತಲೆಸುತ್ತಿ ಬಿದ್ದಿದ್ದಾನೆ, ಗಾಬರಿಯಲ್ಲಿ ಇನ್ಯಾರೋ ಹಗ್ಗ ಎಳೆದಿದ್ದಾನೆ, ಪಂಜರದ ಬಾಗಿಲು ಇನ್ನೂ ತೆರೆದೇ ಇದೆ, ಅರ್ಧ ಜನ ಹೊರಗೆ ಅರ್ಧ ಜನ ಒಳಗೆ. ಈ ಕಥೆಯನ್ನು ನಾನು ಕೇಳಿದ್ದು ಬೇರೆಯವರಿಂದ. ಅವರನ್ನು ಕೇಳಿದರೆ, ಓಗ್ಲಿ ಬುಡಿ ಮೇಡಂ, ಅದು ನನ್ನ ಕೆಲಸ ಅಲ್ವ ಎಂದು ಮಾತು ತಿರುಗಿಸಿದರು.

ಅವರಿಗೆ ಮೋರ್ಸ್ ಕಲಿಸಿದವರು ಗಣಿಯ ಎಲೆಕ್ಟ್ರಿಕ್ ವಿಭಾಗದ ಒಬ್ಬ ಆಂಗ್ಲೋ ಇಂಡಿಯನ್ ಫೋರ್‌ಮನ್. ನಾನು ಅವರನ್ನು ನೋಡಿಲ್ಲ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅವರು ಸಂಸಾರ ಸಮೇತ ಆಸ್ಟ್ರೇಲಿಯಾದ ಪರ್ತಿಗೆ ಹೋಗಿ ನೆಲೆಸಿದ್ದರು, ಆಗ ಕೆ.ಜಿ.ಎಫ್.ನಿಂದ ಅಂಥ ಎಷ್ಟೋ ಮನೆಗಳು ಹಾಗೆ ಖಾಲಿಯಾದವು. ಈ ಇಬ್ಬರೂ ಷಿಫ್ಟ್ ಮುಗಿಸಿ ಫೋರ್‌ಮನ್ನರ ಬಂಗಲೆಯ ವರಾಂಡದಲ್ಲಿ ಕೂತು ಕೀಲಿ ಒತ್ತುತ್ತಿದ್ದರಂತೆ. ಫೋರ್‌ಮನ್ನರ ಪುಟ್ಟ ಮಗಳು ಅಪ್ಪನ ತೊಡೆಯೇರಿ ತಾನೂ ಒತ್ತುತ್ತಿತ್ತಂತೆ. ಆ ಮಗುವನ್ನು ಅವರು ಪಾಪು ಎಂದೇ ಕರೆಯುತ್ತಿದ್ದರು. ಪಾಪುವಿನ ಚುಕ್ಕಿಗಳು ಕುಂಟಾಬಿಲ್ಲೆ ಆಡಿದಂತೆ ಒಂದೊಂದಾಗಿ ಎಗರುತ್ತವೆ ಎಂದು ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸಿದ್ದರು.

ಹಡಗು ಹತ್ತಲು ಹೊರಡುವ ಮೊದಲು ಫೋರ್‌ಮನ್ನರು ತಮ್ಮ ಹಳೆಯ ರಿಸೀವರನ್ನೂ ಒಂದು ಹಿತ್ತಾಳೆ ಕೀಲಿಯನ್ನೂ ಇವರಿಗೆ ಕೊಟ್ಟರು. ಜೊತೆಗೆ ಒಂದು ಮಾತನ್ನೂ ಕೊಟ್ಟು, ಒಂದು ಮಾತನ್ನು ತೆಗೆದುಕೊಂಡರು. ಇಬ್ಬರೂ ಮತ್ತೆ ಮಾತಾಡಬೇಕು. ಮಾತಾಡಿದರೆ ತಗ್ಗಿನ ಅಲೆಯಲ್ಲೇ ಮಾತಾಡಬೇಕು. ಹವ್ಯಾಸಿಗಳಿಗೆ ಬಿಟ್ಟುಕೊಟ್ಟ ಅಲೆಗಳಲ್ಲಿ ಅದು ಎಲ್ಲಕ್ಕಿಂತ ಕೆಳಗಿನದು, ಎಲ್ಲಕ್ಕಿಂತ ಮೊಂಡು. ಮೇಲಿನ ಅಲೆಗಳಲ್ಲಿ ಹಾಡುಹಗಲಲ್ಲಿ ಆಸ್ಟ್ರೇಲಿಯಾ ಸಿಗುತ್ತದೆ. ತಗ್ಗಿನ ಅಲೆ ಹಗಲಿನಲ್ಲಿ ಪಕ್ಕದ ತಾಲ್ಲೂಕು ದಾಟುವುದಿಲ್ಲ. ಆದರೆ ಚಳಿಗಾಲದಲ್ಲಿ, ಇಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಅಲ್ಲಿ ಆಗಲೇ ಕತ್ತಲಾಗಿ ನಡುವಿನ ಸಮುದ್ರವೆಲ್ಲ ನೆರಳಾದಾಗ, ಕಾಲು ಗಂಟೆ ಹೊತ್ತು ಒಂದು ಬಾಗಿಲು ತೆರೆಯುತ್ತದೆ. ಆ ಕಾಲು ಗಂಟೆಗಾಗಿ ಅವರು ವರ್ಷವಿಡೀ ಕಾಯುತ್ತಿದ್ದರು.

ಭಾನುವಾರದ ಡ್ಯೂಟಿ ಇದ್ದಾಗ ನಾನೂ ಅವರ ಮನೆಗೆ ಹೋಗುತ್ತಿದ್ದೆ. ಲೈನಿನ ಎರಡು ಕೋಣೆಯ ಮನೆ. ಬಾಗಿಲ ಪಕ್ಕದ ಮೊಳೆಗೆ ನನ್ನ ಚೀಲ ತಗುಲಿಹಾಕಿ ಅಕ್ಕಿಮೂಟೆಯ ಮೇಲೆ ಕೂರುವುದು ನನ್ನ ಜಾಗ. ಮುನಿಯಮ್ಮ ಟೀ ಕೊಡುತ್ತಿದ್ದರು. ಅವರ ಗಂಡ ನನಗೊಂದು ಹಳೆಯ ಹೆಡ್‌ಫೋನ್ ಕೊಟ್ಟಿದ್ದರು. ಮೊದಲು ಬರೀ ಸುಯ್ ಎನ್ನುವ ಸದ್ದು, ನಡುನಡುವೆ ಎಲ್ಲೋ ಸಿಡಿಲು ಹೊಡೆದ ಚಟಚಟ. ಆಮೇಲೆ, ಹೊರಗಿನ ಬೆಳಕು ಕೆಂಪಾಗುತ್ತಿದ್ದಂತೆ, ಅಡಿಯಲ್ಲೆಲ್ಲೋ ಒಂದು ಸಣ್ಣ ಸ್ವರ ಏಳುತ್ತಿತ್ತು. ಫೋರ್‌ಮನ್ನರು ಕರೆಯುತ್ತಿದ್ದರು. ಇವರ ಅಕ್ಷರಗಳನ್ನೇ ಮತ್ತೆ ಮತ್ತೆ ಒತ್ತಿ ಕರೆಯುತ್ತಿದ್ದರು. ಇವರು ಉತ್ತರ ಒತ್ತುತ್ತಿದ್ದರು, ನಿಲ್ಲಿಸಿ ಕೇಳುತ್ತಿದ್ದರು. ಅಲ್ಲಿಂದ ಅದೇ ಕರೆ. ಇವರು ಮತ್ತೆ ಒತ್ತುತ್ತಿದ್ದರು. ಮತ್ತೆ ಅದೇ ಕರೆ. ಇವರ ಯಂತ್ರದ ಬಲವೆಲ್ಲ ಸೇರಿದರೆ ಒಂದು ಸಣ್ಣ ಬಲ್ಬಿನಷ್ಟು.

"ಅವ್ರು ಕೂಗ್ತಾ ಅವ್ರೆ, ನಾನು ಊಂ ಅಂತಾನೇ ಇವ್ನಿ. ಅವ್ರಿಗೆ ಕೇಳಿಸ್ತಿಲ್ಲ, ನೋಡಿ ಮೇಡಂ" ಎಂದರು ಒಂದು ದಿನ. ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೆ ಅದು ಮಾತುಕತೆಯೇ ಅಲ್ಲ ಎಂಬುದು ಈ ಹವ್ಯಾಸಿಗಳ ನಿಯಮ. ಅರ್ಧಂಬರ್ಧ ಕೇಳಿ ಲಾಗಿನಲ್ಲಿ ಬರೆದುಕೊಳ್ಳುವವರೂ ಇದ್ದರಂತೆ. ಇವರು ಅದನ್ನು ಎಂಜಲು ತಿಂದಷ್ಟು ಹೇಸುತ್ತಿದ್ದರು. ಸಂಪರ್ಕವಾದರೆ ಹೆಡ್‌ಫೋನ್ ತೆಗೆಯುವ ಮೊದಲೇ ಬರೆಯಬೇಕು, ಆಮೇಲೆ ಬರೆದರೆ ಮನಸ್ಸು ಸೇರಿಸಿ ಬರೆಯುತ್ತದೆ ಎನ್ನುತ್ತಿದ್ದರು. ಬೀಳ್ಕೊಡುವಾಗ ಒತ್ತುವ ಅಂಕಿಗಳನ್ನೂ ನನಗೆ ಅವರೇ ಕಲಿಸಿದ್ದು. ಎಪ್ಪತ್ತಮೂರು ಎಂದರೆ ನಮಸ್ಕಾರ, ಅದು ಯಾರಿಗಾದರೂ ಆಯಿತು. ಎಂಬತ್ತೆಂಟು ಎಂದರೆ ಮುದ್ದು, ಅದು ಹೆಂಡತಿಗೆ, ಹೆಣ್ಣುಮಕ್ಕಳಿಗೆ ಮಾತ್ರ. ಗಂಡಸಿಗೆ ಎಂಬತ್ತೆಂಟು ಒತ್ತಿದರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ, ಆಯುಷ್ಯವಿಡೀ ಗೇಲಿ ಮಾಡುತ್ತಾರೆ ಎಂದಿದ್ದರು.

ಇವರ ಕರೆ ಸಮುದ್ರ ದಾಟದಿದ್ದುದಕ್ಕೆ ಕಾರಣ ಬಲ್ಬಿನಷ್ಟು ಬಲವಲ್ಲ. ಗಣಿಯವರು ಮಾತ್ರ ಮಾಡುವಂಥ ಒಂದು ತಪ್ಪು. ಲೈನಿನ ಹಿಂದೆ ಮುಚ್ಚಿದ ಹಳೆಯ ಗಣಿಬಾವಿ ಇತ್ತು. ಅದರ ಕಬ್ಬಿಣದ ಗೋಪುರದಿಂದ ಬೇವಿನ ಮರದವರೆಗೆ ಇವರು ಏರಿಯಲ್ ತಂತಿ ಎಳೆದಿದ್ದರು. ಅದು ಸರಿ. ಆದರೆ ರೇಡಿಯೊಗೆ ಅರ್ತು ಎನ್ನುವ ನೆಲದ ಸಂಪರ್ಕವೂ ಬೇಕು. ಅದಕ್ಕೆ ಇವರು ಆ ಬಾವಿಯೊಳಗೆ ಬಿಟ್ಟುಹೋಗಿದ್ದ ಪಂಪಿನ ಕೊಳವೆಗೆ ತಾಮ್ರದ ತಂತಿ ಬಿಗಿದಿದ್ದರು. ಸಾವಿರಾರು ಅಡಿ ಇಳಿದುಹೋದ ಕೊಳವೆ. ಈ ಪ್ರಪಂಚದಲ್ಲಿ ಇಷ್ಟು ಆಳದ ಅರ್ತು ಇರೋ ಮಗ ಇನ್ನೊಬ್ಬನಿಲ್ಲ ಎಂದು ಬಂದವರಿಗೆಲ್ಲ ತೋರಿಸಿ ಹೆಮ್ಮೆಪಡುತ್ತಿದ್ದರು. ಬೆಲೆಯುಳ್ಳದ್ದೆಲ್ಲ ಆಳದಲ್ಲೇ ಇರುತ್ತದೆಂದು ಆ ಊರಿನ ಮೂರು ತಲೆಮಾರು ನಂಬಿತ್ತು, ಇವರ ತಪ್ಪೇನು?

ಫೋರ್‌ಮನ್ನರಿಂದ ವರ್ಷಕ್ಕೊಂದು ಕಾಗದ ಬರುತ್ತಿತ್ತು, ಕ್ರಿಸ್‌ಮಸ್ ಹೊತ್ತಿಗೆ. ಒಂದು ವರ್ಷ ಇವರು ತಮ್ಮ ಅರ್ತಿನ ಪ್ರತಾಪವನ್ನು ಬರೆದು ಕಳಿಸಿದ್ದರು. ಅದಕ್ಕೆ ಉತ್ತರ ಬಂದಾಗ ಓದಲು ನನ್ನ ಕೈಗೇ ಕೊಟ್ಟರು. ಫೋರ್‌ಮನ್ನರು ತಮಾಷೆಯಾಗಿ ಬೈದಿದ್ದರು. ದಡ್ಡ, ನೀನು ನಿನ್ನ ಅಲೆಯನ್ನು ಗಣಿಗೆ ಇಳಿಸಿ ಹೂಳುತ್ತಿದ್ದೀಯ. ಅಲೆ ಆಳಕ್ಕೆ ಹೋಗುವುದಿಲ್ಲ, ನೆಲದ ಮೇಲ್ಮೈಯಲ್ಲಿ ಹರಿಯುತ್ತದೆ. ಬೆರಳುದ್ದದ ಆಳದಲ್ಲಿ ಸುತ್ತ ಎಲ್ಲ ದಿಕ್ಕಿಗೂ ತಂತಿ ಹರಡು, ಎಷ್ಟು ಸಾಧ್ಯವೋ ಅಷ್ಟು. ಕೆಳಗೆ ಇನ್ನೆರಡು ಸಾಲು. ಎದೆಯಲ್ಲಿ ಗಣಿಯ ಧೂಳು ಇನ್ನೂ ಇದೆ, ವೈದ್ಯರ ಮುಖ ನೋಡಿದರೆ ಹೆಚ್ಚು ಚಳಿಗಾಲ ಉಳಿದಂತಿಲ್ಲ, ಬೇಗ ಮಾಡು.

ಅವರು ಆ ಕಾಗದವನ್ನು ನನ್ನಿಂದ ಮೂರು ಸಲ ಓದಿಸಿದರು. ಮಾರನೆಯ ದಿನವೇ ತಾಮ್ರದ ತಂತಿಗೆಂದು ಸುಟ್ಟುಹೋದ ಮೋಟಾರುಗಳ ಸುರುಳಿ ಬಿಚ್ಚಲು ಕುಳಿತರು.

ತಂತಿ ಹರಡಬೇಕಾದರೆ ಇಡೀ ಲೈನಿನ ಅಂಗಳಗಳು ಬೇಕು. ಮುನಿಯಮ್ಮ ಮನೆಮನೆಗೆ ಹೋಗಿ ಕೇಳಿದರು. ಕೋಳಿಗೆ ಷಾಕ್ ಹೊಡೆಯುತ್ತದೆಯೇ, ಮಕ್ಕಳು ತುಳಿದರೆ ಏನು ಗತಿ ಎಂದು ಹೆಂಗಸರು ಪ್ರಶ್ನೆ ಹಾಕಿದರು. ಮೂಲೆಮನೆಯ ತಮಿಳು ಅಜ್ಜಿಯೊಬ್ಬರು ಮಾತ್ರ, ಯಾರನ್ನು ಕರೆಯಲಿಕ್ಕೆ ಇಷ್ಟೆಲ್ಲ ಎಂದು ಕೇಳಿದರು. ಹೇಳಿದಾಗ, ಆ ದೊರೆ ನನ್ನ ಗಂಡನ ಹೆಣವನ್ನು ಗಣಿಯಿಂದ ಮೇಲೆ ತರಿಸಿದವರು, ನನ್ನ ಅಂಗಳವೆಲ್ಲ ಅಗೆದುಕೊಳ್ಳಿ ಎಂದರಂತೆ. ಆ ಮೇಲೆ ಯಾರೂ ಬೇಡವೆನ್ನಲಿಲ್ಲ. ರಂಗೋಲಿ ಹಾಕುವ ಜಾಗದ ಅಡಿ, ಬಟ್ಟೆ ಒಗೆಯುವ ಕಲ್ಲಿನ ಅಡಿ, ಕೋಳಿಗೂಡಿನ ಅಡಿ ತಂತಿ ಹೋಯಿತು. ನಾನೂ ಎರಡು ಭಾನುವಾರ ಸೀರೆ ಎತ್ತಿಕಟ್ಟಿ, ಕಳೆ ಕೀಳುವ ಕುರುಪಿಯಲ್ಲಿ ನೆಲ ಗೀರಿದ್ದೇನೆ. ಆ ನೆಲ ಕಲ್ಲು, ಅಂಗೈಯಲ್ಲಿ ಬೊಬ್ಬೆ ಎದ್ದವು. ಕೆಲಸ ಮುಗಿದದ್ದು ಜನವರಿಯ ಒಂದು ಶನಿವಾರ. ನಾಳೆ ಸಂಜೆ ಕರೆಯೋಣ, ನೀವು ಬರಲೇಬೇಕು ಮೇಡಂ ಎಂದರು.

ಆ ಭಾನುವಾರ ಬೆಳಿಗ್ಗೆ ಡ್ಯೂಟಿ ನನ್ನದೇ. ಹತ್ತೂ ನಲವತ್ತಕ್ಕೆ ಬೆಂಗಳೂರಿನಿಂದ ತಂತಿ ಬರಲು ಶುರುವಾಯಿತು. ಹೊರದೇಶದ ತಂತಿ, ಪರ್ತಿನಿಂದ. ವಿಳಾಸದಲ್ಲಿ ಅವರ ಹೆಸರು ಬಿದ್ದ ಕೂಡಲೇ ನನಗೆ ಗೊತ್ತಾಯಿತು, ಆದರೂ ಕೈ ಬರೆಯುತ್ತಲೇ ಹೋಯಿತು. ಅಪ್ಪ ಶುಕ್ರವಾರ ತೀರಿಕೊಂಡರು, ನೋವಿಲ್ಲದೆ, ಇಂತು ಮಗಳು. ಅಷ್ಟೇ.

ತಂತಿಯವಳು ಬಂದ ತಂತಿಯನ್ನು ತಡೆಯಬಾರದು. ಕೆಲಸಕ್ಕೆ ಸೇರಿದ ದಿನ ಕಲಿಸುವ ಮೊದಲ ಪಾಠ ಅದು. ನಾನು ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಸೈಕಲ್ಲಿನಲ್ಲಿ ತಂತಿ ಹಂಚುವವನಿಗೆ, ಆ ಕಡೆಯೇ ಹೋಗುತ್ತೇನೆ, ನಾನೇ ಕೊಡುತ್ತೇನೆ ಎಂದೆ. ಸಂಜೆಯವರೆಗೆ ನೂರು ಸಲ ಯೋಚಿಸಿದೆ. ಇಡೀ ಲೈನು ಅಂಗಳ ಅಗೆದು ಕಾಯುತ್ತಿದೆ. ಇಷ್ಟು ವರ್ಷದ ಆಸೆ. ಇವತ್ತೊಂದು ಸಂಜೆ ಕರೆಯಲಿ, ಉತ್ತರ ಬರುವುದಿಲ್ಲ, ನಾಳೆ ನೋಡೋಣ ಎನ್ನುತ್ತಾರೆ, ನಾಳೆ ಬೆಳಿಗ್ಗೆ ಕೊಡುತ್ತೇನೆ. ಒಂದು ದಿನ ತಡವಾದರೆ ಸತ್ತವರಿಗೇನು ನಷ್ಟ? ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಆದರೆ ಫಾರಮ್ಮಿನ ಮೇಲೆ ಬಂದ ಹೊತ್ತನ್ನು ಮಾತ್ರ ಸರಿಯಾಗಿಯೇ ಬರೆದಿದ್ದೆ, ಭಾನುವಾರ ಹತ್ತೂ ನಲವತ್ತು. ಅಭ್ಯಾಸದ ಕೈ, ಸುಳ್ಳು ಬರೆಯಲು ತೋಚಲೇ ಇಲ್ಲ.

ಸಂಜೆ ಹೋದೆ. ಚೀಲ ಮೊಳೆಗೆ ತಗುಲಿಹಾಕಿ ಎಂದರು. ಇರಲಿ ಎಂದು ಮಡಿಲಲ್ಲಿಟ್ಟುಕೊಂಡೇ ಕುಳಿತೆ. ಬಾಗಿಲಲ್ಲಿ, ಕಿಟಕಿಯಲ್ಲಿ ಲೈನಿನ ಜನ. ಅವರು ಸ್ನಾನ ಮಾಡಿ ಒಗೆದ ಅಂಗಿ ಹಾಕಿದ್ದರು. ಸೂರ್ಯ ಗಣಿಯ ಕಸದ ಮಣ್ಣು ಸುರಿದ ಸಯನೈಡ್ ದಿಬ್ಬದ ಹಿಂದೆ ಇಳಿದ ಕೂಡಲೇ ಕೀಲಿಗೆ ಕೈ ಹಾಕಿದರು. ಕರೆದರು, ಕೇಳಿದರು. ಕರೆದರು, ಕೇಳಿದರು. ಮೂರನೆಯ ಸಲ ಕರೆದು ಕೈ ತೆಗೆದರು. ಆಗ ನನ್ನ ಕಿವಿಯಲ್ಲಿ ಆ ಸಣ್ಣ ಸ್ವರ ಎದ್ದಿತು. ಇವರ ಅಕ್ಷರಗಳು. ಆಮೇಲೆ ಫೋರ್‌ಮನ್ನರ ಅಕ್ಷರಗಳು. ಆಮೇಲೆ ಮೂರು ಅಂಕಿ: ನೀನು ಇಷ್ಟು ಸ್ಪಷ್ಟವಾಗಿ ಕೇಳಿಸುತ್ತಿದ್ದೀಯ.

ಸತ್ತವರ ತಂತಿ ಮಡಿಲಲ್ಲಿದೆ, ಸತ್ತವರು ಕಿವಿಯಲ್ಲಿ ಮಾತಾಡುತ್ತಿದ್ದಾರೆ. ಒಂದು ನಿಮಿಷದ ಮೇಲೆ ಬುದ್ಧಿ ಬಂತು. ಮಗಳಿರಬೇಕು. ಅಪ್ಪನ ಯಂತ್ರದ ಮುಂದೆ ಮಗಳು ಕುಳಿತಿರಬೇಕು, ತಂತಿ ಇವರಿಗೆ ತಲುಪಿರುತ್ತದೆ ಎಂದುಕೊಂಡು.

ಅವರು ಬಾಗಿ ಉತ್ತರ ಒತ್ತಿದರು. ನಿಧಾನವಾಗಿ, ಒಂದೊಂದೇ ಅಕ್ಷರ. ಎದೆ ಹೇಗಿದೆ ಎಂದು ಕೇಳಿದರು.

ಆ ಕಡೆಯಿಂದ ಸುಯ್ ಎನ್ನುವ ಸದ್ದು ಮಾತ್ರ. ಬಾಗಿಲು ಮುಚ್ಚಿಹೋಯಿತೇನೋ ಎನ್ನುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಬಂತು: ಚೆನ್ನಾಗಿದೆ. ನಾನು ಕಣ್ಣು ಮುಚ್ಚಿ ಚೀಲವನ್ನು ಅವುಚಿಕೊಂಡೆ. ಸಮುದ್ರದ ಆಚೆ ಒಬ್ಬಳು, ಈಚೆ ಒಬ್ಬಳು, ಇಬ್ಬರೂ ಸೇರಿ ಒಂದೇ ಸುಳ್ಳು ಹೇಳುತ್ತಿದ್ದೇವೆ ಎನ್ನಿಸಿತು. ಅವರು ಎರಡೇ ಅಂಕಿ ಒತ್ತಿದರು, ಎಂಬತ್ತೆಂಟು. ಸಂತೋಷದ ಭರದಲ್ಲಿ ಗೆಳೆಯನಿಗೇ ಮುದ್ದು ಕಳಿಸಿಬಿಟ್ಟರಲ್ಲ ಎಂದುಕೊಂಡೆ. ಅಲ್ಲಿಂದಲೂ ಎಂಬತ್ತೆಂಟು ಬಂತು. ಸ್ವರ ಅಲ್ಲಿಗೆ ಮುಳುಗಿತು.

ಅವರು ಹೆಡ್‌ಫೋನ್ ತೆಗೆಯದೆ ಲಾಗ್ ಪುಸ್ತಕ ಎಳೆದು ಬರೆದರು. ಬರೆಯುತ್ತಾ ಬರೆಯುತ್ತಾ ಕಣ್ಣಿಂದ ನೀರಿಳಿಯಿತು. ತಿರುಗಿ ಜನರನ್ನು ನೋಡಿ, ಕೇಳಿಸ್ತು, ಅಲ್ಲಿಗೆ ನಾನು ಕೇಳಿಸ್ದೆ ಎಂದರು. ಲೈನೆಲ್ಲ ಹೋ ಎಂದಿತು. ಮುನಿಯಮ್ಮ ಬೆಲ್ಲ ಕಡಲೆ ತಂದು ಹಂಚಿದರು. ಮೂಲೆಮನೆಯ ಅಜ್ಜಿ ಅವರ ತಲೆ ನೇವರಿಸಿದರು. ಅವರು ಎಲ್ಲರ ಕೈ ಹಿಡಿದು ನಗುತ್ತಿದ್ದರು. ನನಗೂ ಬೆಲ್ಲ ಕೊಟ್ಟರು. ನಾನು ಸರಿಯಾದ ಕೆಲಸವನ್ನೇ ಮಾಡಿದೆ ಎಂದು ರೈಲಿನಲ್ಲಿ ಕುಳಿತು ಸಮಾಧಾನ ಮಾಡಿಕೊಂಡೆ.

ಸೋಮವಾರ ಬೆಳಿಗ್ಗೆ ಮೊದಲ ರೈಲಿಗೆ ಹೋಗಿ ತಂತಿ ಕೊಟ್ಟೆ. ಅವರು ಬಿಚ್ಚಿ ಓದಿದರು. ಕಣ್ಣು ಮೇಲಿನ ಮೂಲೆಗೆ, ನಾನು ಬರೆದ ಹೊತ್ತಿಗೆ ಹೋಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಮಡಿಸಿ ಜೇಬಿಗಿಟ್ಟುಕೊಂಡರು. ರಸೀತಿಗೆ ಸಹಿ ಹಾಕಿ, ತಲುಪಿದ ಹೊತ್ತು ಬರೆಯುವ ಜಾಗವನ್ನು ಖಾಲಿ ಬಿಟ್ಟು ನನ್ನ ಕೈಗೆ ಕೊಟ್ಟರು.

"ಟೈಮು ನೀವೇ ಆಕ್ಕಳ್ಳಿ ಮೇಡಂ. ಟೀ ಕುಡ್ದು ಓಗಿ" ಅಂದರು.

ಕಚೇರಿಗೆ ಬಂದು, ಭಾನುವಾರ ಹನ್ನೊಂದೂವರೆ ಎಂದು ಬರೆದೆ. ನನ್ನ ಸರ್ವಿಸಿನಲ್ಲಿ ನಾನು ಬರೆದ ಸುಳ್ಳು ಹೊತ್ತು ಅದೊಂದೇ.

ಆಮೇಲೆಯೂ ಅವರು ಕಿಟಕಿಯ ಪಕ್ಕ ಬಂದು ನಿಲ್ಲುತ್ತಿದ್ದರು, ನಾನೂ ಅವರ ಮನೆಗೆ ಹೋಗುತ್ತಿದ್ದೆ. ಆ ದಿನದ ಮಾತು ಇಬ್ಬರೂ ಎತ್ತಲಿಲ್ಲ. ತಗ್ಗಿನ ಅಲೆಯಲ್ಲಿ ಅವರು ಆಮೇಲೆ ಬೇರೆ ಬೇರೆ ದೇಶದವರನ್ನು ಹಿಡಿದರು, ಸಂಪರ್ಕದ ಗುರುತಿಗೆ ಅವರು ಅಂಚೆಯಲ್ಲಿ ಕಳಿಸಿದ ಕಾರ್ಡುಗಳನ್ನು ಗೋಡೆಯ ತುಂಬ ಅಂಟಿಸಿದರು. ಆದರೂ ಅವರ ಎದುರು ಕೂತಾಗಲೆಲ್ಲ ನನಗೆ ಮುಳ್ಳಿನ ಮೇಲೆ ಕೂತ ಹಾಗೆ. ಎಷ್ಟೋ ಸಲ ಕ್ಷಮೆ ಕೇಳಬೇಕೆಂದುಕೊಂಡೆ. ಕೇಳಿದರೆ, ಗೊತ್ತಿಲ್ಲದಿದ್ದರೆ ಗೊತ್ತಾಗಿಬಿಡುತ್ತದೆ. ಅವರ ಬದುಕಿನ ಒಂದೇ ಒಂದು ಒಳ್ಳೆಯ ಸಂಜೆ ಹಾಳಾಗುತ್ತದೆ. ಇಲಾಖೆಯವರು ಕಚೇರಿಯಿಂದ ಮೋರ್ಸ್ ಯಂತ್ರ ಎತ್ತಿಕೊಂಡು ಹೋದರು. ಗಣಿಯಲ್ಲಿ ಆಳು ಕಡಿಮೆಯಾಗುತ್ತಾ ಬಂತು. ಅವರು ರಿಟೈರಾದರು, ನಾನೂ ಆದೆ. ಕೊನೆಗೆ ಅವರ ಕಿವಿ ಮಂದವಾಯಿತೆಂದು ಕೇಳಿದೆ. ಆ ಕಿವಿ ಮಂದವಾಯಿತು ಎಂದಾಗ ನಾನು ಅತ್ತೆ. ಸಾವಿನ ಸುದ್ದಿ ಬಂದಾಗ ಅಷ್ಟು ಅಳಲಿಲ್ಲ.

ಹನ್ನೊಂದನೆಯ ದಿನ ಪುಸ್ತಕ ತೆರೆದೆ. ಆ ಪುಟ ಹುಡುಕಬೇಕಾಗಲಿಲ್ಲ; ತಂತಿಯ ಫಾರಮ್ಮನ್ನು ಅಲ್ಲಿಯೇ ಇಟ್ಟಿದ್ದರು. ಸಂಜೆ ಆರೂ ಇಪ್ಪತ್ತೆರಡು. ಫೋರ್‌ಮನ್ನರ ಅಕ್ಷರಗಳು. ಕೊಟ್ಟ ಅಂಕಿ, ಪಡೆದ ಅಂಕಿ. ಷರಾ ಎಂಬ ಕೊನೆಯ ಅಂಕಣದಲ್ಲಿ ಕನ್ನಡದಲ್ಲಿ, ಸಣ್ಣಕ್ಷರದಲ್ಲಿ, ಅದೇ ಮಸಿಯಲ್ಲಿ, ನನ್ನ ಕಣ್ಣೆದುರಿಗೇ ಬರೆದದ್ದು: "ಕೈ ಅವರದಲ್ಲ. ಪಾಪುವಿನದು. ಅವರು ಹೋದರು. ಎದೆ ಹೇಗಿದೆ ಎಂದರೆ ಚೆನ್ನಾಗಿದೆ ಎಂದಳು. ಮಗುವಿಗೆ 88 ಹೇಳಿದೆ. ಮೇಡಂ ಚೀಲ ಕೆಳಗಿಟ್ಟಿಲ್ಲ. ಅವರಾಗಿ ಕೊಡಲಿ."

ಒಂದು ದಿನ ಅವರನ್ನು ದುಃಖದಿಂದ ಕಾಪಾಡಿದೆ ಎಂದುಕೊಂಡಿದ್ದೆ. ಗುರು ಸತ್ತದ್ದು ತಿಳಿದ ಸಂಜೆ ಅಳುವುದಕ್ಕೂ ಬಿಡದೆ, ಬೆಲ್ಲ ತಿನ್ನಿಸಿ, ಊರವರ ಕೈ ಕುಲುಕಿಸಿ ನಗಿಸಿದ್ದೆ. ಆಮೇಲೆ ಇನ್ನೊಂದು ಯೋಚನೆ ಬಂತು. ಮುನಿಯಮ್ಮನಿಗೆ ಏನು ಹೇಳಲಿ? ಗಂಡನ ಬಾಳಿನ ದೊಡ್ಡ ಸಂತೋಷದ ದಿನ ಅದು ಎಂದು ನಂಬಿರುವ ಹೆಂಗಸು. ಓದಿ ಹೇಳಿ ಎಂದು ಬಿಟ್ಟುಹೋಗಿದ್ದಾರೆ. ಏನೋ ಲೆಕ್ಕ ಬರೆದಿದ್ದಾರೆ ಅಂದುಬಿಟ್ಟರೆ ಆಯಿತು, ನನಗೆ ಅದೇನು ಹೊಸದಲ್ಲ. ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದು, ಬಂದ ತಂತಿಯನ್ನು ಎರಡನೆಯ ಸಲ ತಡೆಯಬಾರದೆಂದು ರೈಲು ಹತ್ತಿದೆ.

ಮುನಿಯಮ್ಮ ಅಂಗಳದಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು. ಪಕ್ಕದಲ್ಲಿ ಕುಳಿತು ಆ ಸಾಲುಗಳನ್ನು ಓದಿದೆ, ಒಂದನ್ನೂ ಬಿಡದೆ. ಅವರು ಮೊರವನ್ನು ಕೆಳಗಿಟ್ಟು ಕೇಳಿಸಿಕೊಂಡರು. ಆಶ್ಚರ್ಯಪಡಲಿಲ್ಲ.

"ಅವತ್ತು ಎಲ್ರೂ ಓದ್ಮೇಲೆ ನನ್ನತ್ರ ಏಳಿದ್ರು. ಮೂರು ದಿನ ಉಣ್ಲಿಲ್ಲ, ಗೋಡೆ ಕಡೆ ತಿರುಕ್ಕಂಡು ಮಲಗಿದ್ರು. ನೀವು ಸೋಮವಾರ ಬತ್ತೀರಂತ ಗೊತ್ತಿತ್ತಲ್ಲ, ಅದಕ್ಕೇ ಅವತ್ತೊಂದು ಗಳಿಗೆ ಎದ್ದು ಮುಖ ತೊಳ್ಕಂಡು ಕೂತ್ಕಂಡಿದ್ರು. ಮೇಡಂಗೆ ಏಳ್ಬೇಡ, ಒಳ್ಳೇದಾಗ್ಲಿ ಅಂತ ಮಾಡವ್ರೆ, ನೊಂದ್ಕಂತಾರೆ ಅಂದ್ರು" ಎಂದರು.

ನಾನು ಅವರ ಕೈ ಹಿಡಿದುಕೊಂಡೆ. ಕಾಲಡಿಯ ನೆಲದಲ್ಲಿ ಒಂದು ಕಡೆ ಮಣ್ಣು ಸವೆದು ತಂತಿಯ ತುಂಡು ಹೊರಗೆ ಕಾಣುತ್ತಿತ್ತು. ಗುಜರಿಯವನು ಅದನ್ನು ಎಳೆದು ನೋಡಿ, ಬರಲಿಲ್ಲವೆಂದು ಬಿಟ್ಟುಹೋಗಿದ್ದನಂತೆ. ಮುನಿಯಮ್ಮ ಕಾಲಿನಿಂದ ಸ್ವಲ್ಪ ಮಣ್ಣು ಎಳೆದು ಅದನ್ನು ಮುಚ್ಚಿದರು. ಟೀ ಕುಡಿದು ಹೋಗಿ ಎಂದು ಒಳಗೆ ಎದ್ದುಹೋದರು.